ನಗುನಗುತ್ತಾ ಕೊಟ್ಟ ಗಾಡಿ

ಈ ಡ್ರೈವರ್ ಬ್ರೇಕು ಹಿಡಿಯುವುದು ಯಾವಾಗಲೂ ಒಂದು ಗಳಿಗೆ ತಡ ಎಂದು ಮರಿಸ್ವಾಮಿ ಹಲ್ಲು ಕಚ್ಚಿಕೊಂಡ. ಕೆ.ಆರ್. ಪೇಟೆ ಬಿಟ್ಟಾಗಿನಿಂದ ಅವನ ಬಲಗಾಲು ಬಸ್ಸಿನ ತಗಡಿನ ನೆಲವನ್ನು ಒತ್ತುತ್ತಲೇ ಇತ್ತು. ಎದುರಿಗೆ ಕಬ್ಬಿನ ಟ್ರಾಕ್ಟರು ಬಂದರೂ ಒತ್ತುತ್ತಿತ್ತು, ಕುರಿ ಅಡ್ಡ ಬಂದರೂ ಒತ್ತುತ್ತಿತ್ತು. ಕಿಟಕಿಯ ಪಕ್ಕ ಕೂತಿದ್ದ ಹೆಂಡತಿ ಮಂಗಳಮ್ಮ ಎಷ್ಟು ಹೊತ್ತಿನಿಂದ ಅದನ್ನು ನೋಡುತ್ತಿದ್ದಳೋ ಏನೋ, "ಕಾಲ ಸುಮ್ಕಿಡಿ ಕಣಿ, ಅವ್ನಿಗೂ ಓಡ್ಸಾಕೆ ಬತ್ತದೆ" ಎಂದಳು. ಕಂಡಕ್ಟರು ಬಂದು ಅವಳ ಆಧಾರ್ ಕಾರ್ಡು ನೋಡಿ ಹೆಂಗಸರ ಬಿಟ್ಟಿ ಚೀಟಿ ಹರಿದು ಕೊಟ್ಟ. ಆಮೇಲೆ ಮರಿಸ್ವಾಮಿಯ ಕಡೆ ತಿರುಗಿ, "ನೀವೇನ್ ಗಾಡಿ ಮರಿಯಣ್ಣ ಅಲ್ವಾ? ಬಸ್ಸತ್ತುಬುಟ್ಟಿದೀರಿ?" ಎಂದು ನಕ್ಕ. ಏನೂ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಪಾಪ. ಶೀಳನೆರೆಯ ಸುತ್ತಿನ ಊರುಗಳಲ್ಲಿ ಅವನ ಗೂಡ್ಸ್ ಆಟೋ ಹೊರದೆ ಇದ್ದ ಸಾಮಾನಿಲ್ಲ: ಆಲೆಮನೆಯ ಬೆಲ್ಲ, ತೆಂಗಿನಕಾಯಿ, ಮದುವೆ ಮನೆಯ ಪಾತ್ರೆ, ಒಂದು ಸಲ ಹೆರಿಗೆ ನೋವು ಬಂದ ಹೆಂಗಸನ್ನೂ. ಆದರೂ ಆ ನಗು ಅವನಿಗೆ ಎಲ್ಲೋ ತಾಗಿತು. "ಗಾಡಿ ರಿಪೇರಿಗೆ ಬುಟ್ಟಿದೀನಿ ಕಣಪ್ಪ" ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ, ಬಂದ ಮೇಲೆ ಅವನಿಗೇ ಹೇಸಿಗೆಯಾಯಿತು. ಮಂಗಳಮ್ಮ ಕಿಟಕಿಯ ಆಚೆ ನೋಡುತ್ತಿದ್ದಳು.

ರಿಪೇರಿ! ಗಾಡಿ ನಿಂತಿದ್ದದ್ದು ಶ್ರೀರಂಗಪಟ್ಟಣದ ಪಕ್ಕ, ಬಾಬುರಾಯನಕೊಪ್ಪಲಿನಲ್ಲಿ, ಫೈನಾನ್ಸ್ ಕಂಪನಿಯವರು ಹಿಡಿದು ತಂದ ಗಾಡಿಗಳನ್ನು ಕೂಡಿಹಾಕುವ ಬಯಲಿನಲ್ಲಿ. ಇವತ್ತು ಮಂಡ್ಯದ ಗ್ರಾಹಕರ ಆಯೋಗದಲ್ಲಿ ಆಗಬೇಕಾದ ತೀರ್ಮಾನವೂ ಅದೊಂದೇ: ಗಾಡಿಯನ್ನು ಕಂಪನಿ ಹರಾಜು ಹಾಕಬಹುದೋ, ಇಲ್ಲ ಮಂಗಳಮ್ಮನಿಗೆ ವಾಪಸು ಕೊಡಬೇಕೋ. ಕಂತು ವಸೂಲಿಗೆ ಮನೆಗೆ ಬರುತ್ತಿದ್ದ ಕಂಪನಿಯ ಹುಡುಗ ಎರಡು ಕಂತಿನ ದುಡ್ಡು ಕೈಯಲ್ಲಿ ಇಸಿದುಕೊಂಡು ಹೋಗಿ ಆಮೇಲೆ ಕೆಲಸವನ್ನೇ ಬಿಟ್ಟಿದ್ದ. ನಮಗೆ ಬಂದೇ ಇಲ್ಲ ಎಂದು ಕಂಪನಿ ಕೈ ತೊಳೆದುಕೊಂಡಿತ್ತು. ಆ ತಗಾದೆ ಬಗೆಹರಿಯಲು ಇನ್ನೆಷ್ಟು ಅಲೆದಾಟವೋ. ಅಷ್ಟರೊಳಗೆ ಗಾಡಿ ಹರಾಜಾಗಿ ಹೋದರೆ ಗೆದ್ದೂ ಏನು ಬಂತು? ಸಾಲ ಮಂಗಳಮ್ಮನ ಹೆಸರಿನಲ್ಲಿತ್ತು, ಗಾಡಿಯೂ ಅವಳ ಹೆಸರಿನಲ್ಲಿತ್ತು. ಹೆಂಗಸರ ಹೆಸರಾದರೆ ಸಾಲ ಬೇಗ ಆಗುತ್ತದೆ ಅಂತ ಕಂಪನಿಯವರೇ ಹೇಳಿ ಮಾಡಿಸಿದ್ದು. ಆಗ ಮರಿಸ್ವಾಮಿ, ಹೆಸರಲ್ಲಿ ಏನದೆ, ಸ್ಟೇರಿಂಗ್ ಹಿಡಿಯೋನು ನಾನು ತಾನೆ, ಎಂದು ನಕ್ಕಿದ್ದ. ಈಗ ಹೆಸರು ಇದ್ದವಳು ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು, ಸ್ಟೇರಿಂಗ್ ಹಿಡಿದವನು ಬಸ್ಸಿನ ನೆಲ ಒತ್ತುತ್ತಿದ್ದ.

ಅವಳು ಹೀಗೆ ಆದದ್ದು ಯಾವಾಗ ಎಂದು ಅವನಿಗೆ ಹೊಳೆಯುತ್ತಿರಲಿಲ್ಲ. ಕೆ.ಆರ್. ಪೇಟೆಯ ಕಂಪನಿ ಆಫೀಸಿನಲ್ಲಿ ಮ್ಯಾನೇಜರು ಇಂಗ್ಲಿಷಿನಲ್ಲಿ ಏನೋ ಓದಿ ಕೈ ಆಡಿಸಿದಾಗ ಮರಿಸ್ವಾಮಿ ಆಗಲೇ ಬಾಗಿಲ ಕಡೆ ಅರ್ಧ ತಿರುಗಿದ್ದ. ಇವಳು ಮಾತ್ರ ಕುರ್ಚಿ ಎಳೆದುಕೊಂಡು ಕೂತು, "ಈಗ ಏನಂದ್ರೋ ಅದ್ನೇ ಕನ್ನಡ್ದಲ್ಲಿ ಯೋಳಿ ಸಾರ್. ನಂಗರ್ಥ ಆಗೋಗಂಟ ನಾನು ಏಳಾಕಿಲ್ಲ" ಅಂದಳು. ಅಂದದ್ದಷ್ಟೇ ಅಲ್ಲ, ಎದ್ದೇಳಲೂ ಇಲ್ಲ! ಮ್ಯಾನೇಜರು ಊಟಕ್ಕೆ ಹೋಗಿ ಬಂದರೂ ಅಲ್ಲೇ ಕೂತಿದ್ದಳು. ವಕೀಲರಿಲ್ಲದೆ ತಾನೇ ನಿಂತು ಮಾತಾಡಬಹುದು ಎಂದು ಯಾರೋ ಹೇಳಿದ್ದೇ ತಡ, ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ನಿಂತು ವಾದ ಮಾಡುವುದಕ್ಕೆ ಶುರು ಮಾಡಿದಳು. "ಸ್ವಾಮಿ, ನಂದೊಂದ್ ಮಾತದೆ" ಎಂದು ಅವಳು ಹೇಳುವುದನ್ನು ಗೋಡೆಯ ಈ ಕಡೆ ನಿಂತು ಕೇಳಿದಾಗ ಮರಿಸ್ವಾಮಿಗೆ ಮೊದಲು ನಗು ಬಂತು. ಆಮೇಲೆ ಆ ಹಸುವಿನ ಮೇಲೆ ಒಂದು ಥರ ಹೊಟ್ಟೆಕಿಚ್ಚಾಯಿತು, ಯಾಕೆಂದರೆ ಆ ಮಾತನ್ನು ತಲೆ ಎತ್ತಿ ಕೇಳುವ ಯೋಗ್ಯತೆ ಅದಕ್ಕಿತ್ತು, ತನಗಿರಲಿಲ್ಲ. ಎಂಥಾ ಹೆಂಗಸು ಇವಳು! ಇಂಥವಳ ಎದುರು ತಾನು ಎಂಥಾ ಮಾತು ಆಡಿಬಿಟ್ಟೆ!

ಪಾಂಡವಪುರದಲ್ಲಿ ಬಸ್ಸು ನಿಂತಾಗ ಬೀಗರ ಫೋನು ಬಂತು. ನಾಗಮಂಗಲದ ಕಡೆಯ ಸೋಮಯ್ಯ, ಮಗಳು ರಂಜಿತಳ ಮಾವ, ದೊಡ್ಡ ಗಂಟಲಿನ ಮನುಷ್ಯ; ಫೋನು ಕಿವಿಯಿಂದ ದೂರ ಹಿಡಿದರೂ ಅಕ್ಕಪಕ್ಕದ ಸೀಟಿನವರಿಗೆಲ್ಲ ಕೇಳುತ್ತಿತ್ತು. "ಬೀಗ್ರೇ, ಕಾಯಿ ಕೆಡವ್ಸಿವ್ನಿ, ನಿಮ್ ಗಾಡಿ ಕಳ್ಸಿ ಅಂದ್ರೆ ರಿಪೇರಿ ರಿಪೇರಿ ಅಂತೀರಲ್ಲ, ಅದೇನ್ ಗಾಡೀನೋ ಬಾಣಂತೀನೋ!" ಮರಿಸ್ವಾಮಿ ಅಗತ್ಯಕ್ಕಿಂತ ಜೋರಾಗಿ ನಕ್ಕ. ಆ ನಕ್ಕ ಸದ್ದು ಕಿವಿಗೆ ಬಿದ್ದದ್ದೇ ತಡ, ಬಸ್ ಸ್ಟ್ಯಾಂಡು, ಕಡಲೆಕಾಯಿ ಮಾರುವವನು, ಎದುರಿನ ಸೀಟು ಎಲ್ಲ ಸರಿದು, ಮನೆಯ ಮುಂದಿನ ಶಾಮಿಯಾನದ ಕೆಳಗೆ ಬೀಗರೂಟದ ಪಂಕ್ತಿ ಕೂತಿತು.

ನಾಗಮಂಗಲದಿಂದ ಬೀಗರ ಕಡೆಯವರು ಎರಡು ವ್ಯಾನಿನ ತುಂಬ ಬಂದಿದ್ದರು. ಮುದ್ದೆ ಬಿದ್ದಿತ್ತು, ಮಟನ್ ಸಾರಿನ ಬಕೆಟ್ಟು ಒಂದು ಕಡೆಯಿಂದ ಬರುತ್ತಿತ್ತು, ಬೋಟಿ ಗೊಜ್ಜು ಇನ್ನೊಂದು ಸಲ ಬರಲಿ ಅಂತ ಯಾರೋ ಕೂಗುತ್ತಿದ್ದರು. ಬೀಗರೂಟ ಅಂದರೆ ಸುಮ್ಮನೆಯೇ? ಮದುವೆಯಲ್ಲಿ ಏನು ಕೊಟ್ಟೆ ಏನು ತಗೊಂಡೆ ಎನ್ನುವುದು ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಬೀಗರೂಟದಲ್ಲಿ ಒಬ್ಬನಿಗೆ ಒಂದು ತುಂಡು ಕಡಿಮೆ ಬಿದ್ದರೆ ಅದು ಮೊಮ್ಮಕ್ಕಳ ಕಾಲಕ್ಕೂ ಮಾತಾಗಿ ಉಳಿಯುತ್ತದೆ. ಪಂಕ್ತಿಯ ಮಧ್ಯದಲ್ಲಿ ಸೋಮಯ್ಯ ಮೂಳೆ ಚೀಪುತ್ತಾ, ಸಂತೋಷದಲ್ಲಿ ಬೆವರುತ್ತಾ ಕೂತಿದ್ದರು. ಆಗ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬನನ್ನು ಮರಿಸ್ವಾಮಿ ಬಲ್ಲ, ರವೀಂದ್ರ ಅಂತ, ಕಂಪನಿಯ ವಸೂಲಿ ಮೇಲ್ವಿಚಾರಕ. ಅವನು ಕೂಗಾಡಲಿಲ್ಲ, ರೇಗಲಿಲ್ಲ. ಹತ್ತಿರ ಬಂದು ಕಿವಿಯಲ್ಲಿ, "ಯಜಮಾನ್ರೇ, ಕಂತಿನ ಮಾತು ಇಲ್ಲೇ ಬೀಗರ ಮುಂದೆ ಆಡಾನಾ, ಇಲ್ಲ ಕೀ ಕೊಡ್ತೀರಾ?" ಎಂದ. ಅಷ್ಟೇ. ಅಷ್ಟು ಮೆತ್ತಗೆ ಯಾರೂ ಅವನಿಗೆ ಹೊಡೆದಿರಲಿಲ್ಲ. ಸೋಮಯ್ಯ ತಲೆ ಎತ್ತಿ, "ಯಾರು ಬೀಗ್ರೇ ಇವ್ರು?" ಅಂದರು. ಮರಿಸ್ವಾಮಿಯ ಬಾಯಿ ತಾನಾಗಿ ತೆರೆದುಕೊಂಡಿತು: "ನಮ್ ಸ್ನೇಯಿತ್ರು ಬೀಗ್ರೇ. ಒಂದೀಟು ಗಾಡಿ ಬೇಕಂತೆ, ಅದಕ್ ಬಂದವ್ರೆ. ಬನ್ರಪ್ಪಾ ಬನ್ನಿ, ಮದ್ಲು ಊಟ ಮಾಡಿ, ಉಣ್ದೇ ಓದ್ರೆ ನಾ ಬುಟ್ಟೇನಾ!" ರವೀಂದ್ರನ ಹೆಗಲ ಮೇಲೆ ಕೈ ಹಾಕಿ ಪಂಕ್ತಿಯ ಕೊನೆಯಲ್ಲಿ ಕೂರಿಸಿದ. ಎಲೆ ಹಾಕಿಸಿದ. ಕೀ ತೆಗೆದು ಕೊಟ್ಟ. ಕೊಡುವಾಗ ನಗುತ್ತಿದ್ದ. ಇಡೀ ಪಂಕ್ತಿ ನೋಡುತ್ತಿರುವಾಗ, ಮಗಳ ಹೊಸ ಸಂಬಂಧಿಕರು ಕಾಲು ಚಾಚಿ ಉಣ್ಣುತ್ತಿರುವಾಗ, ಹೆಂಡತಿಯ ಹೆಸರಿನ ಗಾಡಿಯನ್ನು ನಗುನಗುತ್ತಾ ಕೊಟ್ಟುಬಿಟ್ಟ.

ಸಂಜೆ ಮಂಗಳಮ್ಮ ಪಾತ್ರೆ ಎಣಿಸುತ್ತಾ, "ಗಾಡಿ ಎಲ್ಲಿ?" ಎಂದಳು. ಅವನು ಕೆರೆ ಏರಿಯ ಕಡೆ ಕೈ ತೋರಿಸಿ, "ಏರಿ ಮ್ಯಾಲೆ ಅಡ್ಡ ಆಕಿ ಕಿತ್ಕಂಡೋದ್ರು ಕಣೆ, ನಾಕ್ ಜನ ಇದ್ರು" ಅಂದ. ನಾಲ್ಕು ಜನ ಅಂತ ಯಾಕೆ ಸೇರಿಸಿದನೋ. ಒಬ್ಬನ ಪಿಸುಮಾತಿಗೆ ಸೋತವನಿಗೆ ನಾಲ್ಕು ಜನ ಬೇಕಾಗಿದ್ದರು. ಅವಳು ಅವನ ಮುಖವನ್ನು ಒಂದು ಕ್ಷಣ ನೋಡಿ, ಕೈಯಲ್ಲಿದ್ದ ತಪ್ಪಲೆಯನ್ನು ಕೆಳಗಿಟ್ಟು, "ಪೆಟ್ಟಾಗಿಲ್ವಲ್ಲ?" ಎಂದು ಕೇಳಿದಳು. ಇಲ್ಲ ಅಂದ. ಅಲ್ಲಿಗೆ ಆ ಮಾತು ಮುಗಿಯಿತು. ಮಾರನೆಯ ದಿನದಿಂದ ಅವಳ ಅಲೆದಾಟ ಶುರುವಾಯಿತು. ಬಲವಂತವಾಗಿ ಗಾಡಿ ಒಯ್ದರು ಅಂತ ದೂರು ಬರೆಸಿದಳು, ಮಂಡ್ಯಕ್ಕೆ ಹೋಗಿ ಕೊಟ್ಟು ಬಂದಳು. ಕಾಗದಗಳೆಲ್ಲ ಆ ಬಟ್ಟೆಯ ಚೀಲದಲ್ಲೇ ಇದ್ದವು, ನೋಡಿ ಅಂತ ಒಂದೆರಡು ಸಲ ಅವಳೇ ಮುಂದೆ ಹಿಡಿದಿದ್ದಳು. ಅವನು ಮುಟ್ಟಲಿಲ್ಲ. ತನ್ನ ಸುಳ್ಳು ಅಚ್ಚಾಗಿ ಕೂತಿರುವುದನ್ನು ಓದುವ ಧೈರ್ಯ ಯಾವ ಗಂಡಸಿಗಿದೆ?

"ಇಳೀರಿ, ಮಂಡ್ಯ ಬಂತು" ಎಂದಳು ಮಂಗಳಮ್ಮ. ಅವನು ಇಳಿದ.

ಆಯೋಗದ ಕೋಣೆ ಅವನು ಸಿನಿಮಾಗಳಲ್ಲಿ ನೋಡಿದ ಕೋರ್ಟಿನ ಹಾಗೆ ಇರಲೇ ಇಲ್ಲ. ಫ್ಯಾನು ತಿರುಗುತ್ತಿತ್ತು, ಮೇಲಿನ ಸಾಲಿನಲ್ಲಿ ಅಧ್ಯಕ್ಷರು, ಅವರ ಪಕ್ಕ ಕನ್ನಡಕ ಹಾಕಿದ ಮಹಿಳಾ ಸದಸ್ಯೆ. ಗೋಡೆಯ ಬದಿಯ ಬೆಂಚಿನಲ್ಲಿ ರವೀಂದ್ರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ; ಮರಿಸ್ವಾಮಿಯನ್ನು ಕಂಡವನೇ, ಹಳೆಯ ಪರಿಚಯದವನ ಹಾಗೆ, ತಲೆ ಆಡಿಸಿದ. ಮರಿಸ್ವಾಮಿಯೂ, ದರಿದ್ರ ಅಭ್ಯಾಸ ನೋಡಿ, ತಿರುಗಿ ತಲೆ ಆಡಿಸಿಬಿಟ್ಟ. ಇವತ್ತು ಏನಾದರೂ ಆಗಲಿ, ಇವಳ ಕಿವಿಗೆ ಆ ಮಾತು ಬೀಳದಿದ್ದರೆ ಸಾಕು. ಗಾಡಿ ಹೋದರೂ ಹೋಗಲಿ! ಅಂದುಕೊಂಡ ಕೂಡಲೇ, ಗಾಡಿಗೋಸ್ಕರ ಹಸುವಿನ ಮುಂದೆ ನಿಂತು ಮಾತು ಕಲಿತವಳು ಪಕ್ಕದಲ್ಲೇ ಕೂತಿದ್ದಾಳಲ್ಲ ಎಂದು ತನ್ನನ್ನೇ ಬೈದುಕೊಂಡ.

ಹೆಸರು ಕೂಗಿದಾಗ ಮಂಗಳಮ್ಮ ಸೆರಗು ಸರಿಮಾಡಿಕೊಂಡು ಎದ್ದು ಮುಂದೆ ಹೋಗಿ ನಿಂತಳು. ಕಂಪನಿಯ ವಕೀಲ ವಯಸ್ಸಿನಲ್ಲಿ ಚಿಕ್ಕವನು, ಮಾತು ಚೊಕ್ಕ. ದೂರನ್ನು ಕೈಯಲ್ಲಿ ಹಿಡಿದು ಓದಿದ: "ಮಗಳ ಬೀಗರೂಟದ ದಿನ, ಮನೆಯ ಮುಂದೆ, ಊಟದ ಪಂಕ್ತಿ ನಡೆಯುತ್ತಿದ್ದಾಗ ಬಂದು ಬಲವಂತವಾಗಿ ಗಾಡಿ ಒಯ್ದರು ಅಂತ ದೂರುದಾರರೇ ಬರೆದಿದ್ದಾರೆ, ಸ್ವಾಮಿ."

ಮರಿಸ್ವಾಮಿಗೆ ಕೇಳಿದ್ದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮನೆಯ ಮುಂದೆ. ಪಂಕ್ತಿ ನಡೆಯುತ್ತಿದ್ದಾಗ. ಕೆರೆ ಏರಿ ಎಲ್ಲಿ ಹೋಯಿತು? ನಾಲ್ಕು ಜನ ಎಲ್ಲಿ ಹೋದರು? ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. ಅವಳ ಬೆನ್ನು ಅವನ ಕಡೆಗಿತ್ತು, ಹೆರಳು ನೆಟ್ಟಗೆ ಇಳಿಬಿದ್ದಿತ್ತು, ಅದು ಅಲುಗಲೂ ಇಲ್ಲ.

"ಆದರೆ ನಡೆದದ್ದು ಇದು" ಎಂದು ವಕೀಲ ದೊಡ್ಡದು ಮಾಡಿಸಿ ತಂದಿದ್ದ ಫೋಟೋ ಒಂದನ್ನು ಮೇಲಕ್ಕೆ ಕೊಟ್ಟ. ಅವತ್ತು ರವೀಂದ್ರನ ಜೊತೆಗೆ ಬೈಕಿನಲ್ಲಿ ಬಂದಿದ್ದವನು ಮೊಬೈಲಿನಲ್ಲಿ ತೆಗೆದದ್ದಂತೆ. ಅಧ್ಯಕ್ಷರು ನೋಡಿ ಸದಸ್ಯೆಗೆ ಕೊಟ್ಟರು, ಸದಸ್ಯೆ ನೋಡಿ ಮಂಗಳಮ್ಮನ ಕೈಗೆ ಕೊಡಿಸಿದರು. ಹಿಂದೆ ಕೂತಿದ್ದ ಮರಿಸ್ವಾಮಿಗೂ ಅದು ಕಂಡಿತು. ಎಲೆಯ ಮುಂದೆ ಕೂತ ರವೀಂದ್ರ. ಬಗ್ಗಿ ಕೀ ಕೊಡುತ್ತಿರುವ ತಾನು. ಬಾಯಿ ತುಂಬ ನಗು. ಇಷ್ಟು ನಗುತ್ತಿದ್ದೆನೇ? ಯಾರೋ ಬೇರೆಯವನು ತನ್ನ ಮುಖ ಹಾಕಿಕೊಂಡು ನಗುತ್ತಿದ್ದ ಹಾಗಿತ್ತು.

"ಊಟಕ್ಕೆ ಕೂರಿಸಿ, ಉಪಚಾರ ಮಾಡಿ, ನಗುತ್ತಾ ಅವರ ಮನೆಯವರೇ ಕೀ ಕೊಟ್ಟಿದ್ದಾರೆ. ಗಾಡಿ ಬೇಕಂತೆ ಕೊಡ್ತಿದೀನಿ ಅಂತ ನೆಂಟರ ಮುಂದೆ ಹೇಳಿಯೂ ಇದ್ದಾರೆ. ಇದರಲ್ಲಿ ಬಲವಂತ ಎಲ್ಲಿದೆ?" ಎಂದ ವಕೀಲ. ಕೂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸದಸ್ಯೆ ಕನ್ನಡಕ ಮೇಲಕ್ಕೆ ಸರಿಸಿ, "ಏನಮ್ಮ, ಈ ಫೋಟೋ ಸುಳ್ಳಾ?" ಎಂದು ಕೇಳಿದರು.

ಈಗ ತಾನು ಎದ್ದು ನಿಲ್ಲಬೇಕು, ಏನಾದರೂ ಹೇಳಬೇಕು ಎಂದುಕೊಂಡ ಮರಿಸ್ವಾಮಿ. ಆದರೆ ಹಿಡಿದ ಬೆಂಚನ್ನು ಬಿಡಲಿಲ್ಲ.

"ಸುಳ್ಳಲ್ಲ ತಾಯಿ" ಎಂದಳು ಮಂಗಳಮ್ಮ. ದನಿ ಕೊಟ್ಟಿಗೆಯಲ್ಲಿದ್ದಷ್ಟೇ ಸಲೀಸಾಗಿತ್ತು. "ಕೊಟ್ಟಿರೋರು ನಮ್ ಯಜಮಾನ್ರೇ. ಇಸ್ಕಂಡಿರೋನು ಅಲ್ಲಿ ಕುಂತವ್ನಲ್ಲ, ಆವಪ್ಪನೇ. ಊಟಕ್ ಕೂರ್ಸಿದ್ದೂ ದಿಟ. ಪೋಟೋದ ಮೂಲೇಲಿ ನೋಡಿ, ಸೌಟಿಡ್ದಿರೋ ಒಂದ್ ಕೈ ಅದೆ, ಅಸ್ರು ಬಳೆ. ಅದು ನನ್ ಕೈ."

ಮರಿಸ್ವಾಮಿ ಬಗ್ಗಿ ನೋಡಿದ. ಇತ್ತು. ಬೋಟಿ ಗೊಜ್ಜು ಬಡಿಸುವ ಕೈ, ಮಗಳ ಮದುವೆಗೆ ಅಂತ ತೊಟ್ಟ ಹಸಿರು ಬಳೆ. ಅವನು ಅವತ್ತು ಅಡುಗೆಯವರ ಹೆಂಗಸು ಅಂದುಕೊಂಡಿದ್ದ. ಅಲ್ಲ, ಅಂದುಕೊಂಡೂ ಇರಲಿಲ್ಲ, ಕಣ್ಣೆತ್ತಿ ನೋಡಿಯೇ ಇರಲಿಲ್ಲ.

"ಆವಪ್ಪ ನಮ್ಮೋರ ಕಿವೀಲಿ ಏನಂದ ಅಂತ ನಂಗ್ ಕೇಳಿಸ್ತು ತಾಯಿ. ಬೀಗರ ಮುಂದೆ ಮಾತಾಡಾನಾ, ಕೀ ಕೊಡ್ತೀರಾ ಅಂದ. ಎಣ್ ಕೊಟ್ಟೋರು ನಾವು, ಅವತ್ತೇ ಮದ್ಲು ಬೀಗ್ರು ನಮ್ಮನೇಲಿ ಊಟಕ್ ಕುಂತವ್ರೆ. ಬಲವಂತಕ್ಕೆ ದೊಣ್ಣೇನೇ ತರ್ಬೇಕಾ? ಗಾಡಿ ನಂದು, ಸಾಲ ನಂದು. ನಾನು ಅಲ್ಲೇ ಸೌಟಿಡ್ಕಂಡು ನಿಂತಿವ್ನಿ. ನನ್ನ ಕೇಳ್ಳಿಲ್ವಲ್ಲ ಯಾಕೆ? ನನ್ನ ಕೇಳಿದ್ರೆ ಕೊಡಾಕಿಲ್ಲ ಅಂತ ಗೊತ್ತು. ಅದ್ಕೇ ಮರ್ವಾದೆಗಂಜೋ ಮನ್ಸನ್ನ ಉಡುಕ್ಕಂಡೋಗಿ ಕೇಳವ್ರೆ."

ವಕೀಲ ಏನೋ ಹೇಳಲು ಬಾಯಿ ತೆರೆದ. ಸದಸ್ಯೆ ಕೈ ಎತ್ತಿ ತಡೆದರು. "ಹಾಗಾದರೆ ನಿಮ್ಮ ಯಜಮಾನರು ಇಷ್ಟು ನಗ್ತಾ ಇದಾರಲ್ಲಮ್ಮ?"

ಮಂಗಳಮ್ಮ ಫೋಟೋವನ್ನು ಇನ್ನೊಂದು ಸಲ ನೋಡಿದಳು. ಅವಳು ಇಷ್ಟು ಹೊತ್ತು ನಿಂತಿದ್ದ ನಿಲುವಿನಲ್ಲಿ ಮೊದಲ ಸಲ ಏನೋ ಅಲುಗಿತು.

"ತಾಯಿ, ನಾನು ಈವಯ್ಯನ್ ಜತೇಲಿ ಬಾಳಾಟ ಮಾಡ್ದೋಳು. ಇವ್ರಿಗ್ ನಗಾ ಬಂದ್ರೆ ಸದ್ದೇ ಬರಾಕಿಲ್ಲ, ಒಟ್ಟೆ ಕುಣೀತದೆ, ಕಣ್ಣಲ್ ನೀರ್ ಬತ್ತದೆ. ಇಂಗೆ ಅಲ್ ಕಿಸ್ಕಂಡು ನಕ್ಕಿದ್ದ ನಾನು ಯಾವತ್ತೂ ಕಂಡಿಲ್ಲ. ಇದು ನಗಾ ಅಲ್ಲ. ಅವತ್ ನಾನೂ ಇಂಗೇ ನಕ್ಕಂಡೇ ಬಡಿಸ್ದೆ. ಪೋಟೋದಾಗೆ ನನ್ ಮುಖ ಬಿದ್ದಿಲ್ಲ, ಅಷ್ಟೇಯ."

ಆಮೇಲೆ ಅಧ್ಯಕ್ಷರು ಮುಂಗಡ ನೋಟೀಸು ಕೊಟ್ಟಿದ್ದೀರಾ, ಸಾಲ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆ ಎಲ್ಲಿ ಎಂದು ವಕೀಲನನ್ನು ಕೇಳಿದ್ದು, ಅವನು ಕಾಗದ ತಿರುವಿದ್ದು, ಕಾಲಾವಕಾಶ ಬೇಡಿದ್ದು ಎಲ್ಲವೂ ಮರಿಸ್ವಾಮಿಗೆ ನೀರಿನ ಕೆಳಗಿನಿಂದ ಕೇಳಿದ ಹಾಗೆ ಕೇಳಿತು. ದೂರು ತೀರ್ಮಾನವಾಗುವವರೆಗೆ ಗಾಡಿಯನ್ನು ಹರಾಜು ಹಾಕಕೂಡದು, ದೂರುದಾರರಿಗೆ ವಾಪಸು ಕೊಡಬೇಕು, ದೂರುದಾರರು ಅದನ್ನು ಮಾರಕೂಡದು ಎಂದು ಅಧ್ಯಕ್ಷರು ಬರೆಸಿದರು. ಮಂಗಳಮ್ಮ ಕೈ ಮುಗಿದು ಹಿಂದಕ್ಕೆ ಬಂದಳು. ಗೆದ್ದವಳ ಹಾಗೆ ಬರಲಿಲ್ಲ, ಡೇರಿಗೆ ಹಾಲು ಹಾಕಿ ಬರುವ ಹಾಗೆ ಬಂದಳು.

ಹೊರಗೆ ಹೊಂಗೆ ಮರದ ಕೆಳಗೆ ಅವಳು ಚೀಲದಿಂದ ಬಾಟಲಿ ತೆಗೆದು ನೀರು ಕುಡಿದಳು. ಮರಿಸ್ವಾಮಿ ಅವಳ ಮುಖ ನೋಡಲಾರದೆ ಚಪ್ಪಲಿ ನೋಡುತ್ತಾ ನಿಂತ. "ನಿಂಗೆ ಅವತ್ತೇ ಗೊತ್ತಿತ್ತಾ? ಕೆರೆ ಏರಿ ಅಂತ ನಾನಂದಾಗ್ಲೇ ಗೊತ್ತಿತ್ತಾ? ಮತ್ತೆ ಒಂದ್ ಮಾತು ಉಗೀಬಾರ್ದಾಗಿತ್ತಾ ಮಂಗಳಿ?" ಎಂದ.

ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು. "ಅವತ್ ನಿಮ್ ಮುಖ ನೀವ್ ನೋಡ್ಕಂಡಿರ್ಲಿಲ್ಲ, ನಾನ್ ನೋಡಿದ್ದೆ. ನಾನೊಂದ್ ಮಾತ್ ಕೇಳಿದ್ರೆ ನೀವ್ ಅಲ್ಲೇ ಕುಸ್ದೋಗ್ತಿದ್ರಿ. ಗಾಡಿ ಓದ್ರೆ ತರ್ಬೋದು ಕಣಿ. ಬನ್ನಿ, ಒಟ್ಟೆ ಅಸೀತಾ ಅದೆ."

ಅವನು ಅವಳ ಹಿಂದೆ ಹೋಟೆಲಿನ ಕಡೆ ನಡೆದ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇಂಥದ್ದೊಂದು ಜೀವ ತನ್ನ ಬಟ್ಟೆ ಒಗೆಯುತ್ತಾ, ಮುದ್ದೆ ತಿರುವುತ್ತಾ, ತನ್ನನ್ನು ತನಗೇ ಗೊತ್ತಾಗದ ಹಾಗೆ ಕಾಯುತ್ತಾ ಇತ್ತಲ್ಲ! ಅವನಿಗೆ ಹೆಮ್ಮೆ ಅನ್ನಿಸಿತು, ಅದರ ಹಿಂದೆಯೇ ನಾಚಿಕೆ. ನಾಚಿಕೆ ಇರಲಿ, ಹೆಮ್ಮೆಯೇ ಹೆಚ್ಚಾಗಿತ್ತು. ದೋಸೆಗೆ ಕಾಯುತ್ತಾ ಕೂತಾಗ ಅವನೇ ಸೋಮಯ್ಯನವರಿಗೆ ಫೋನು ಮಾಡಿದ. "ಬೀಗ್ರೇ, ಗಾಡಿ ರಿಪೇರಿಗೆ ಬುಟ್ಟಿರ್ಲಿಲ್ಲ. ಪೈನಾನ್ಸ್‌ನೋರು ತಕ್ಕಂಡೋಗಿದ್ರು. ನಿಮ್ ಬೀಗಿತೀರು ಮಂಡ್ಯಕ್ ಬಂದು ಬುಡಿಸ್ಕಂಡ್ರು" ಅಂದ. ಆ ಕಡೆಯಿಂದ ಆ ದೊಡ್ಡ ಗಂಟಲು, "ಅಯ್ಯೋ ನಿಮ್ಮ! ನನ್ ಟ್ರಾಕ್ಟರ್‌ನೂ ಇಂಗೇ ಎಳ್ಕಂಡೋಗಿದ್ರು ಬೀಗ್ರೇ, ಅದ್ಕೇನೀಗ! ಕಾಯಿ ಅಲ್ಲೇ ಬಿದ್ದವೆ, ಬೇಗ್ ಬನ್ನಿ" ಅಂತು. ಅಷ್ಟರಲ್ಲಿ ಬಂದ ದೋಸೆ ಮುರಿಯುತ್ತಾ ಮಂಗಳಮ್ಮ ಅವನನ್ನೇ ನೋಡಿದಳು.

ಆದೇಶದ ಪ್ರತಿ ಕೈಗೆ ಬಂದ ದಿನ ಬಾಬುರಾಯನಕೊಪ್ಪಲಿಗೆ ಹೋದರು. ಬಯಲಿನ ತುಂಬ ಗಾಡಿಗಳು ಧೂಳು ಮೆತ್ತಿಕೊಂಡು ಸಾಲಾಗಿ ನಿಂತಿದ್ದವು, ತಮ್ಮವರು ಬರುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದ ಹಾಗೆ. ಬೇರೆ ಊರುಗಳಿಂದ ಬಂದ ಏಳೆಂಟು ಜನ ಗಂಡಸರು ಗೇಟಿನ ಹತ್ತಿರ ಕೈ ಕಟ್ಟಿಕೊಂಡು ನಿಂತಿದ್ದರು. ರವೀಂದ್ರ ಶೆಡ್ಡಿನಿಂದ ಹೊರಗೆ ಬಂದು, ಯಾವತ್ತಿನ ಹಾಗೆ ಮೆತ್ತಗೆ, "ತಗೊಳ್ಳಿ ಯಜಮಾನ್ರೇ" ಎಂದು ಮರಿಸ್ವಾಮಿಯ ಮುಂದೆ ಕೀ ಚಾಚಿದ. ಮರಿಸ್ವಾಮಿಯ ಕೈ ಅಭ್ಯಾಸದಿಂದ ಮುಂದೆ ಹೋಯಿತು. ಹೋದದ್ದನ್ನು ಹಿಂದಕ್ಕೆ ಎಳೆದುಕೊಂಡ.

ನಿಂತವರೆಲ್ಲ ಕೇಳುವ ಹಾಗೆ, "ಯಜಮಾನ್ರು ನಾನಲ್ಲಪ್ಪ, ಅವ್ರು" ಎಂದು ಮಂಗಳಮ್ಮನ ಕಡೆ ತೋರಿಸಿದ. "ಏನ್ ಕೇಳೋದಿದ್ರೂ ಅವ್ರನ್ ಕೇಳು. ಕೀನ ಅವ್ರ ಕೈಗ್ ಕೊಡು."